ಶಾಂತಿ, ವಾಕ್ ಸ್ವಾತಂತ್ರ್ಯದ ಉಪನ್ಯಾಸಗಳಿಗೆ ನಮ್ಮಂಥವರು ಹೋಗಬಹುದಾ?

ನೀವು ಕೇಳಿದ್ದು ಇಷ್ಟು: "ಬಿ.ಕಾಂ. ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಶಾಂತಿ, ಸಂಘರ್ಷ, ವಾಕ್ ಸ್ವಾತಂತ್ರ್ಯ ಅಂತ ಪ್ರೊಫೆಸರುಗಳು ಮಾತಾಡುವ ಕಡೆ ನಮ್ಮಂಥವರು ಹೋಗಬಹುದಾ? ಹೋದರೆ ಏನಾದರೂ ತಲೆಗೆ ಹತ್ತುತ್ತಾ?"

ಹೋಗಬಹುದು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಇಂಥವು ಆಗಾಗ ನಡೆಯುತ್ತವೆ, ಹೆಚ್ಚಿನವು ಪುಕ್ಕಟೆ. ಮೊದಲೇ ಹೆಸರು ಬರೆಸಿದರೆ ಸಾಕು. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ಆ ಕಡೆಯೇ ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಎರಡೂ 1945ರಲ್ಲಿ ಶುರುವಾದವು. ನಾನು ಕೂಡ ಕಾಮರ್ಸ್ ಓದಿದವನೇ, ಲೆಕ್ಕ ಬರೆಯುವುದು ನನ್ನ ಕೆಲಸ. ಹತ್ತು ವರ್ಷದಿಂದ ಹೋಗುತ್ತಿದ್ದೇನೆ. ಯಾರೂ ಡಿಗ್ರಿ ಕೇಳಿಲ್ಲ.

ತಲೆಗೆ ಹತ್ತುತ್ತಾ ಅಂದರೆ, ಮೊದಲ ಅರ್ಧ ಗಂಟೆ ಹತ್ತುವುದಿಲ್ಲ. ನನಗೆ ಈಗಲೂ ಹತ್ತುವುದಿಲ್ಲ. 'ಡಿಸ್ಕೋರ್ಸ್' ಅನ್ನುವ ಪದ ಎಷ್ಟು ಸಲ ಬಂತು ಅಂತ ಎಣಿಸುತ್ತಾ ಕೂತಿದ್ದೂ ಉಂಟು. ಆದರೆ ಒಂದೊಂದು ಸಲ ಒಂದೇ ಒಂದು ಮಾತು ತಗಲಿಕೊಳ್ಳುತ್ತದೆ, ಆಮೇಲೆ ಬಿಡುವುದಿಲ್ಲ.

ನನಗೆ ಹಾಗೆ ತಗಲಿಕೊಂಡಿದ್ದು ಯೋಹಾನ್ ಗಾಲ್ಟುಂಗ್ ಅವರ ಮಾತು. ನಾರ್ವೆಯವರು, 1959ರಲ್ಲಿ ಓಸ್ಲೋದಲ್ಲಿ ಶಾಂತಿಯ ಅಧ್ಯಯನಕ್ಕೇ ಒಂದು ಸಂಸ್ಥೆ ಕಟ್ಟಿದವರು, 2024ರಲ್ಲಿ ತೀರಿಕೊಂಡರು. ಅವರ ಪ್ರಕಾರ ಶಾಂತಿಯಲ್ಲಿ ಎರಡು ಬಗೆ. ಹೊಡೆದಾಟ ನಿಂತಿದೆ, ಅಷ್ಟೇ, ಅನ್ನುವುದು ನೆಗೆಟಿವ್ ಪೀಸ್. ಹೊಡೆದಾಟ ಹುಟ್ಟಿಸಿದ ಅನ್ಯಾಯವೂ ಹೋದರೆ ಅದು ಪಾಸಿಟಿವ್ ಪೀಸ್. ಉಪನ್ಯಾಸ ಮಾಡಿದವರು ಉದಾಹರಣೆಗೆ ನಾರ್ದರ್ನ್ ಐರ್ಲೆಂಡ್ ತೆಗೆದುಕೊಂಡರು, ಅಲ್ಲಿನ ಹೊಡೆದಾಟ ನಿಲ್ಲಿಸಲು ಆದ 1998ರ ಒಪ್ಪಂದ ವಿವರಿಸಿದರು. ನಾನು ಸುಮ್ನೆ ಬರೆದುಕೊಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ನೆನಪಾಗಿದ್ದು ಐರ್ಲೆಂಡ್ ಅಲ್ಲ, ನಮ್ಮ ಶ್ರೀರಾಮಪುರದ ಟೈಲರ್ ಮಾಮ.

1991ರ ಡಿಸೆಂಬರ್. ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ಬಿಡಬೇಕು ಅಂತ ಜೂನ್‌ನಲ್ಲೇ ಮಧ್ಯಂತರ ಆದೇಶ ಕೊಟ್ಟಿತ್ತು. ಕೇಂದ್ರ ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಹಾಕಿದ್ದು ಡಿಸೆಂಬರ್‌ನಲ್ಲಿ. ಊರು ಹೊತ್ತಿಕೊಂಡಿತು. ನಾನಾಗ ನಾಲ್ಕನೇ ಕ್ಲಾಸು. ಮಾಮನ ಅಂಗಡಿಯ ಬೋರ್ಡಿನಲ್ಲಿ ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಸಣ್ಣದಾಗಿ ತಮಿಳು. ಅಮ್ಮ ಹಳೇ ಬೆಡ್‌ಶೀಟ್ ಕೊಟ್ಟು ಬೋರ್ಡ್ ಮುಚ್ಚಿಸಿದರು. ಮಾಮನ ಮನೆಯವರೆಲ್ಲ ಎರಡು ರಾತ್ರಿ ನಮ್ಮ ನಡುಮನೆಯಲ್ಲೇ ಮಲಗಿದ್ದರು. ಆಮೇಲೆ ಕರ್ಫ್ಯೂ ತೆಗೆದರು, ಅಂಗಡಿ ತೆರೆಯಿತು. ಬೋರ್ಡಿನ ಕೆಳಗಿನ ಸಾಲಿಗೆ ಮಾತ್ರ ಬಣ್ಣ ಬಳಿದಿತ್ತು. ಬೀದಿಯಲ್ಲಿ ಆಡುತ್ತಿದ್ದ ಮಗಳನ್ನು ಮಾಮ ಕೂಗುವುದೂ ಅಂದಿನಿಂದ ಕನ್ನಡದಲ್ಲೇ. ಒಂದು ಕಲ್ಲೂ ಬೀಳಲಿಲ್ಲ. ಬೀದಿ ಶಾಂತವಾಗಿತ್ತು.

ವಾಕ್ ಸ್ವಾತಂತ್ರ್ಯದ ಉಪನ್ಯಾಸಗಳಲ್ಲಿ ಇನ್ನೊಂದು ಮಾತು ಜಾಸ್ತಿ ಕೇಳುತ್ತೀರಿ: ಹೆಕ್ಲರ್ಸ್ ವೀಟೋ. ಗಲಾಟೆ ಮಾಡುತ್ತೇನೆ ಅಂತ ಹೆದರಿಸಿದವನಿಗೆ, ಇನ್ನೊಬ್ಬರ ಬಾಯಿ ಮುಚ್ಚಿಸುವ ಅಧಿಕಾರ ತಾನಾಗಿಯೇ ಸಿಕ್ಕಿಬಿಡುವುದು. ಇದರ ಹಿಂದಿನ ಕಾನೂನಿನ ಕಥೆ ನಿಜಕ್ಕೂ ಚೆನ್ನಾಗಿದೆ. 1950ರಲ್ಲಿ ಮದ್ರಾಸ್ ಸರ್ಕಾರ ರೊಮೇಶ್ ಥಾಪರ್ ಅವರ ವಾರಪತ್ರಿಕೆ ರಾಜ್ಯದೊಳಗೆ ಬರಬಾರದು ಅಂದಿತು. ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಮಾರನೇ ವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು, ವಾಕ್ ಸ್ವಾತಂತ್ರ್ಯಕ್ಕೆ ಯಾವ ಕಾರಣಕ್ಕೆ ನಿರ್ಬಂಧ ಹಾಕಬಹುದು ಅಂತ ಹೇಳುವ 19(2)ನೇ ವಿಧಿಯಲ್ಲಿ 'ಸಾರ್ವಜನಿಕ ಸುವ್ಯವಸ್ಥೆ' ಅನ್ನುವ ಕಾರಣ ಸೇರಿತು. ನಿರ್ಬಂಧ 'ಸಮಂಜಸ' ಆಗಿರಬೇಕು ಅನ್ನುವ ಪದವೂ ಅದೇ ತಿದ್ದುಪಡಿಯಲ್ಲಿ ಸೇರಿತು. ಹೀಗೆ ಒಂದು ಕೈ ಬಿಗಿ ಮಾಡಿತು, ಇನ್ನೊಂದು ಕೈ ಸ್ವಲ್ಪ ಸಡಿಲ ಬಿಟ್ಟಿತು. 1989ರ ರಂಗರಾಜನ್ ತೀರ್ಪು ಇನ್ನೂ ಖಡಕ್. ಮೀಸಲಾತಿ ಕುರಿತ ಒಂದು ತಮಿಳು ಸಿನಿಮಾದ ಕೇಸು ಅದು. ಗಲಾಟೆ ಆಗುತ್ತೆ ಅಂತ ಸಿನಿಮಾ ನಿಲ್ಲಿಸುವಂತಿಲ್ಲ, ಗಲಾಟೆ ತಡೆಯುವುದು ಸರ್ಕಾರದ ಕೆಲಸ ಅಂತ ಕೋರ್ಟ್ ಹೇಳಿತು. ಮಾತಿಗೂ ಅಪಾಯಕ್ಕೂ ನಂಟು ಹೇಗಿರಬೇಕೆಂದರೆ, ಮದ್ದಿನ ಪೀಪಾಯಿಗೆ ಕಿಡಿ ಬಿದ್ದ ಹಾಗೆ ಇರಬೇಕಂತೆ. ಆನ್‌ಲೈನ್‌ನಲ್ಲಿ ಬರೆದಿದ್ದಕ್ಕೆ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿದಾಗಲೂ ಇದೇ ದಾರಿ: ಚರ್ಚೆ ಮಾಡಬಹುದು, ಒಂದು ಪಕ್ಷ ಹಿಡಿದು ವಾದಿಸಬಹುದು, ಪ್ರಚೋದನೆ ಆದಾಗ ಮಾತ್ರ ಕಾನೂನು ಕೈ ಹಾಕಬೇಕು.

ಕಾಗದದ ಮೇಲೆ ಇಷ್ಟು ಸ್ಪಷ್ಟ. ಇದನ್ನೆಲ್ಲ ಎಸಿ ಹಾಲ್‌ನಲ್ಲಿ ಕೂತು ಕೇಳುವಾಗ ನನಗೆ ಸ್ವಲ್ಪ ನಗು ಬರುತ್ತದೆ. ಈ ಊರಿನಲ್ಲಿ ಪ್ರತಿಭಟನೆ ಮಾಡಬೇಕಾದರೆ ಫ್ರೀಡಂ ಪಾರ್ಕಿಗೇ ಹೋಗಬೇಕು, 2021ರ ಆದೇಶ ಹಾಗಿದೆ. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಜಾಗ. ಉಪನ್ಯಾಸಕ್ಕೆ ಹೋಗಲು ಆಗದಿದ್ದರೆ ಒಂದು ಮಧ್ಯಾಹ್ನ ಅಲ್ಲಿ ಹೋಗಿ ಕೂತುಕೊಳ್ಳಿ, ಅದೂ ಒಂದು ಪಾಠವೇ.

ನನ್ನ ಒಂದು ತಕರಾರೂ ಇದೆ. ಉದಾಹರಣೆಗಳು ಯಾಕೆ ಯಾವಾಗಲೂ ದೂರದವು? 2003ರಲ್ಲಿ ಮದ್ರಾಸಿನ ಒಂದು ಅಧ್ಯಯನ ಸಂಸ್ಥೆಯವರು ಮುಂದೆ ನಿಂತು ಎರಡೂ ರಾಜ್ಯದ ರೈತರನ್ನು ಒಟ್ಟಿಗೆ ಕೂರಿಸಿದರು. ಅದಕ್ಕೆ 'ಕಾವೇರಿ ಕುಟುಂಬ' ಅಂತ ಹೆಸರಾಯಿತು. ಕಾವೇರಿ ಜಗಳ ಅದರಿಂದ ಮುಗಿಯಲಿಲ್ಲ ನಿಜ. 2016ರ ಸೆಪ್ಟೆಂಬರ್‌ನಲ್ಲಿ ಮೈಸೂರು ರಸ್ತೆ ಕಡೆಯ ಡಿಪೋದಲ್ಲಿ ಹತ್ತಾರು ಬಸ್ಸು ಸುಟ್ಟಿದ್ದನ್ನು ನೋಡಿದ್ದೇವಲ್ಲ. ಆದರೂ ಮಂಡ್ಯದ ರೈತ ತಂಜಾವೂರಿನ ರೈತನ ಗದ್ದೆ ನೋಡಿ ಬಂದ ಕಥೆ ಐರ್ಲೆಂಡಿಗಿಂತ ನಮಗೆ ಹತ್ತಿರ, ಅಲ್ವಾ?

ಇನ್ನು ಹೋಗುವವರಿಗೆ ಒಂದೇ ಕಿವಿಮಾತು. ಪ್ರಶ್ನೋತ್ತರ ಮುಗಿಯುವವರೆಗೂ ಏಳಬೇಡಿ. ಒಬ್ಬರು ಹಿರಿಯರು ಮೈಕ್ ಹಿಡಿದು ಐದು ನಿಮಿಷ ತಮ್ಮದೇ ಭಾಷಣ ಮಾಡುತ್ತಾರೆ, ಎಲ್ಲ ಕಡೆಯೂ ಒಬ್ಬರಿರುತ್ತಾರೆ, ತಡೆದುಕೊಳ್ಳಿ. ಆಮೇಲೆ ನಿಮ್ಮ ಪ್ರಶ್ನೆ ಕನ್ನಡದಲ್ಲೇ ಕೇಳಿ. ಪಕ್ಕದಲ್ಲಿ ಯಾರಾದರೂ ಇಂಗ್ಲಿಷಿಗೆ ಹೇಳುತ್ತಾರೆ.

ನಾನು ಎರಡು ವರ್ಷ ಹಿಂಜರಿದು, ಕೊನೆಗೊಂದು ದಿನ ಟೈಲರ್ ಮಾಮನ ಬೋರ್ಡಿನ ಕಥೆ ಹೇಳಿ ಕೇಳಿದೆ: ಇದು ಯಾವ ಬಗೆಯ ಶಾಂತಿ? ಇದಕ್ಕೆ ಯಾವ ಕಲಮು? ವೇದಿಕೆ ಮೇಲಿದ್ದ ಮೇಡಂ ಉತ್ತರ ಕೊಡಲಿಲ್ಲ. ತಿರುಗಿ ನನ್ನನ್ನೇ ಕೇಳಿದರು: "ಆ ಬಣ್ಣ ಬಳಿದಿದ್ದು ಯಾರು?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅದು ತಲೆಗೇ ಬಂದಿರಲಿಲ್ಲ. ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅಮ್ಮ ಹುರುಳಿಕಾಯಿ ಸೋಸುತ್ತಿದ್ದರು, ತಲೆ ಎತ್ತಲಿಲ್ಲ.

"ನಿಮ್ಮಪ್ಪ," ಅಂದರು. "ಬಳಿಸ್ಕೊಳ್ಳಿ ಅಂತ ನಾನೇ ಹೇಳಿದ್ದು. ನಮ್ಮ ಬಾಗಿಲಿಗೆ ಹಚ್ಚಿ ಉಳಿದಿದ್ದ ಬಣ್ಣ ಇತ್ತು."