ಹಳೇ ಕಾರಿಗೆ ಬ್ರೇಕ್ ಮೊದಲು, ಪೇಂಟ್ ಕೊನೆಗೆ

ಪ್ರಶ್ನೆ: ಅಪ್ಪನ 1997ರ ಮಾರುತಿ 800 ನಾಲ್ಕು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ನನ್ನ ಹತ್ತಿರ 40 ಸಾವಿರ ಇದೆ. ಮೊದಲು ಪೇಂಟ್, ಸೀಟ್ ಕವರ್, ಅಲಾಯ್ ವೀಲ್ ಮಾಡಿಸಿ, ಆಮೇಲೆ ಇಂಜಿನ್ ನೋಡೋಣ ಅಂದುಕೊಂಡಿದ್ದೇನೆ. ಆದಷ್ಟು ಕೆಲಸ ನಾನೇ ಮಾಡಬೇಕೆಂದು ಆಸೆ. ಸರಿನಾ ಸರ್?
– ಓದುಗರು, ಗದಗ

ಉತ್ತರ: ಆಸೆ ಸರಿ, ಕ್ರಮ ಉಲ್ಟಾ ಆಗಿದೆ. ಮೊದಲು ಆರ್‌ಸಿ ತೆಗೆದು ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ರಿನ್ಯೂ. ಅಂದರೆ ನಿಮ್ಮದು 2012, 2017 ಆದಮೇಲೆ 2022ರಲ್ಲಿ ಆಗಿರಬೇಕಿತ್ತು. ತಪ್ಪಿದ್ದರೆ ದಂಡ, ಗ್ರೀನ್ ಟ್ಯಾಕ್ಸ್ ಎಲ್ಲಾ ಸೇರಿ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿ, ಆ ದುಡ್ಡು ಬೇರೆ ತೆಗೆದಿಡಿ.

ಸುಮ್ನೆ ಬ್ಯಾಟರಿ ಹಾಕಿ ಕೀ ತಿರುಗಿಸಬೇಡಿ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ನಾಲ್ಕು ಹನಿ ಇಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯನ್ನು (ಇಂಜಿನ್ನಿನ ಪಕ್ಕದಲ್ಲಿ ಬೆಲ್ಟ್ ಸುತ್ತುವ ಚಕ್ರ) ಪಾನಾ ಹಾಕಿ ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಅರ್ಧ ಚಿಂತೆ ಹೋಯಿತು. ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಕಾರ್ಬುರೇಟರ್ ಬಿಚ್ಚಿ ತೊಳೆಯಿರಿ. ಪೆಟ್ರೋಲ್ ಪೈಪುಗಳನ್ನು ಹೊಸದಾಗಿ ಹಾಕಿ, ಯಾಕೆಂದರೆ ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಹಳೇ ರಬ್ಬರನ್ನು ಬೇಗ ತಿನ್ನುತ್ತದೆ. ಇಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ರಬ್ಬರ್ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟೂ ಬದಲಿಸಿ. ಗಾಡಿ ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ ಅಲ್ವಾ?

ಟೈರಿಗೂ ಅದೇ ಮಾತು. ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2316 ಅಂದರೆ 2016ರ 23ನೇ ವಾರದ್ದು. ಗ್ರಿಪ್ ಎಷ್ಟೇ ಚೆನ್ನಾಗಿ ಕಂಡರೂ ಅಂಥದ್ದನ್ನು ಹಾಕಿಕೊಂಡು ಹುಬ್ಬಳ್ಳಿ ಹೈವೇ ಹತ್ತಬೇಡಿ. ಅಲಾಯ್ ದುಡ್ಡು ಇಲ್ಲಿಗೆ ಹೋಗಲಿ.

ಬ್ರೇಕಿನಲ್ಲಿ ಮಾತ್ರ ಉಳಿತಾಯ ಬೇಡವೇ ಬೇಡ. ಹಿಂದಿನ ಗಾಲಿಗಳ ಬ್ರೇಕ್ ಡ್ರಮ್ ಬಿಚ್ಚಿ, ಒಳಗೆ ಬ್ರೇಕ್ ಶೂ ತಳ್ಳುವ ಪುಟ್ಟ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿ. ಒಳಗೆ ಒದ್ದೆ ಕಂಡರೆ ಸಿಲಿಂಡರನ್ನೇ ಬದಲಿಸಿ. ಫ್ಲೂಯಿಡ್ ಪೂರ್ತಿ ಹೊಸದು ಹಾಕಿ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು, ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿ ಹತ್ತಿರದ ಗಾಳಿ ಬಿಡುವ ನಟ್ಟು ಸಡಿಲಿಸಿ ಬಿಗಿ ಮಾಡಬೇಕು. ಮೊದಲ ಸಲ ಅನುಭವದ ಮೇಸ್ತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಆ ಕೂಲಿ ದಂಡವಲ್ಲ.

ಇನ್ನು ತುಕ್ಕು. ನಿಮ್ಮ ಕಡೆಯ ಎರೆ ಮಣ್ಣು ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ಮಳೆಗಾಲವಿಡೀ ಹಸಿ ಹಿಡಿದಿರುತ್ತದೆ, ತಗಡು ಒಳಗಿಂದಲೇ ಕರಗುತ್ತದೆ. ಅದನ್ನೆಲ್ಲ ಕೆರೆದು ತೊಳೆಯಿರಿ. ಮ್ಯಾಟ್ ಎತ್ತಿ, ಫ್ಲೋರನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಒಳಕ್ಕೆ ಹೋದರೆ ಅಲ್ಲಿ ಪುಟ್ಟಿ ಮೆತ್ತಿ ಪ್ರಯೋಜನವಿಲ್ಲ, ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಲೇಬೇಕು. ಇದೆಲ್ಲ ಮುಗಿದು ಕಾರು ಒಂದು ತಿಂಗಳು ಊರೊಳಗೆ ಓಡಲಿ. ದುಡ್ಡು ಉಳಿದರೆ ಪೇಂಟ್ ಮಾಡಿಸಿ.

ಪ್ರಶ್ನೆ: ಮನೆಯಲ್ಲೇ ಕಾರಿನ ಕೆಲಸ ಮಾಡಲು ಮೊದಲು ಏನು ಕೊಳ್ಳಬೇಕು?
– ಓದುಗರು, ರಾಣೆಬೆನ್ನೂರು

ಉತ್ತರ: ಒಂದು ಜೊತೆ ಜಾಕ್ ಸ್ಟ್ಯಾಂಡ್, ಅಂದರೆ ಜಾಕ್‌ನಿಂದ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಗಟ್ಟಿ ಕಾಲುಗಳು. ಪಾನಾ ಸೆಟ್ ಆಮೇಲೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ನುಸುಳಬೇಡಿ. ಇಟ್ಟಿಗೆ ಪೇರಿಸುವುದೂ ಬೇಡ, ಭಾರಕ್ಕೆ ಅದು ಒಮ್ಮೆಲೇ ಪುಡಿಯಾಗುತ್ತದೆ. ಗಟ್ಟಿ ನೆಲದ ಮೇಲೆ ನಿಲ್ಲಿಸಿ, ನೆಲ ಮುಟ್ಟಿದ ಗಾಲಿಗಳಿಗೆ ಎರಡೂ ಕಡೆ ಕಟ್ಟಿಗೆ ತುಂಡು ಕೊಟ್ಟು, ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ. ಆಮೇಲೆ ಕೆಳಗೆ ಹೋಗಿ.