ಎಲೆಯಡಿಕೆ ಕೇಳಿದ ಅಜ್ಜಿ

‘ಕರುಣೆ ತೋರಿಸಿದರೆ ಜನ ಸಲಿಗೆ ತಗೊಂಡು ತಲೆ ಮೇಲೆ ಕೂರ್ತಾರೆ ಅಂತಾರೆ, ನಿಜವಾ?’ ಅಂತ ಕೇಳಿದ್ದೀರಿ.

ನಾನು ಕೊಡಗಿನವಳು. ಮಡಿಕೇರಿ ಹತ್ತಿರ ನಮಗೊಂದು ಸಣ್ಣ ಕಾಫಿ ತೋಟ ಇದೆ. ಈ ಮಾತನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜರಿದು ಎಷ್ಟೋ ಜನ ಮನೆ ಬಿಟ್ಟು ಬಂದರು. ನಾವೂ ಅಕ್ಕಿ, ಕಂಬಳಿ ತಗೊಂಡು ಪರಿಹಾರ ಕೇಂದ್ರಕ್ಕೆ ಹೋಗಿದ್ದೆವು. ಹಾಲ್‌ನ ಮೂಲೆಯಲ್ಲಿ ಹಳೆ ಬಟ್ಟೆಯ ರಾಶಿ. ಗುಂಡಿ ಕಿತ್ತ ಶರ್ಟು, ಜಿಪ್ ಹೋದ ಪ್ಯಾಂಟು. ಒಬ್ಬ ಅಜ್ಜಿ ಅದನ್ನು ಮುಟ್ಟಲೇ ಇಲ್ಲ. ‘ಎರಡು ಎಲೆ, ಒಂದು ಚೂರು ಅಡಿಕೆ ಸಿಗುತ್ತಾ ಮಗಳೇ?’ ಅಂದರು. ‘ಮನೆನೇ ಹೋಗಿದೆ, ಇವರಿಗೆ ಎಲೆಯಡಿಕೆ ಚಿಂತೆ’ ಅಂತ ಪಕ್ಕದಲ್ಲಿದ್ದವರು ಅಜ್ಜಿಗೆ ಕೇಳುವ ಹಾಗೇ ಹೇಳಿದರು. ಅಜ್ಜಿ ಕಂಬಳಿ ಎಳೆದುಕೊಂಡು ಗೋಡೆ ಕಡೆ ತಿರುಗಿದರು.

ಮನೆ ಹೋದವರಿಗೆ ಬಾಯಿ ರುಚಿಯೂ ಹೋಗಬೇಕಾ? ಅತ್ತರೆ ‘ಅಯ್ಯೋ ಪಾಪ’. ಇಂಥದ್ದು ಬೇಕು ಅಂದರೆ ‘ಧಿಮಾಕು’. ಇದನ್ನೇ ನಾವು ಕರುಣೆ ಅಂದುಕೊಂಡುಬಿಟ್ಟಿದ್ದೇವೆ.

ಅವತ್ತು ನನಗೆ ತುಂಬಾ ಸಿಟ್ಟು ಬಂದಿತ್ತು. ಆದರೆ ಮುಂದಿನ ಜನವರಿಯಲ್ಲಿ ನಾನೇ ಅದನ್ನು ಮಾಡಿದೆ. ರೊಬಸ್ಟಾ ಕಾಫಿ ಕುಯ್ಲಿನ ಸಮಯ. ಹಣ್ಣು ಗಿಡದಲ್ಲೇ ಒಣಗುತ್ತಿತ್ತು, ಆಳು ಸಾಲದು. ತೋಟದ ಆಳುಗಳಿರುವ ಲೈನ್ ಮನೆಯ ಹೆಂಗಸೊಬ್ಬಳು ಬಂದು, ‘ಅಮ್ಮಾ, ಸೊಂಟ ಹಿಡ್ಕೊಂಡಿದೆ, ಇವತ್ತು ಆಗಲ್ಲ’ ಅಂದಳು. ನಮ್ಮಲ್ಲಿ ಕುಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಬರದಿದ್ದರೆ ನಷ್ಟ ಅವಳಿಗೇ, ಸುಮ್ನೆ ರಜೆ ಯಾರು ಕೇಳ್ತಾರೆ ಅಲ್ವಾ? ಅಷ್ಟೂ ನನಗೆ ಹೊಳೆಯಲಿಲ್ಲ. ‘ನಿನ್ನ ನೋಡಿ ಎಲ್ಲರೂ ಕೇಳ್ತಾರೆ’ ಅಂದೆ. ಅವಳು ಚೀಲ ತಗೊಂಡು ತೋಟಕ್ಕೆ ಇಳಿದಳು. ಸಂಜೆ ತೂಕಕ್ಕೆ ತಂದಾಗ ಚೀಲ ಅರ್ಧವೂ ತುಂಬಿರಲಿಲ್ಲ. ಇಳಿಸಿದವಳು ಸೊಂಟ ಹಿಡಿದುಕೊಂಡು ಕಣದಲ್ಲೇ ಕೂತುಬಿಟ್ಟಳು. ಆ ಕೂತ ರೀತಿ ಇನ್ನೂ ನನ್ನ ಕಣ್ಣ ಮುಂದಿದೆ.

ಈಗ ಯಾರಾದರೂ ಆಗಲ್ಲ ಅಂದರೆ ‘ಆಯ್ತು, ಮಲಗು’ ಅನ್ನುತ್ತೇನೆ. ಒಬ್ಬಿಬ್ಬರು ಸುಳ್ಳು ಹೇಳಿರಲೂಬಹುದು. ಅದರಿಂದ ತೋಟವೇನೂ ಮುಳುಗಿಲ್ಲ.

ಸಲಿಗೆ ಅಂದಿರಲ್ಲ, ಪರಿಹಾರ ಕೇಂದ್ರಕ್ಕೆ ಹೋದ ಮರುದಿನ ಆ ಅಜ್ಜಿಗೆ ಎಲೆಯಡಿಕೆ ತಗೊಂಡು ಹೋಗಿದ್ದೆ. ಅವರು ಪೊಟ್ಟಣ ಬಿಚ್ಚಿ ನೋಡಿ, ‘ಸುಣ್ಣ ಎಲ್ಲಿ?’ ಅಂದರು. ಮಳೆಯಲ್ಲೇ ಅಂಗಡಿಗೆ ಹೋಗಿ ತಂದುಕೊಟ್ಟೆ.