ನೋಯ್‌ಕೋಲ್ನ್‌ನಲ್ಲಿ ಮನೆ ಹಿಡಿಯುವ ಮೊದಲು

ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ, ನೋಯ್‌ಕೋಲ್ನ್ ಬಡಾವಣೆಯಲ್ಲಿ ಪೀಠೋಪಕರಣ ಸಮೇತ ಎರಡು ಕೋಣೆಯ ಮನೆ ತಿಂಗಳಿಗೆ 1,900 ಯುರೋಗೆ ಸಿಗುತ್ತಿದೆ, ಆದರೆ ಅಲ್ಲಿ ಹೊರಗಿನವರೇ ಹೆಚ್ಚು ಎಂದು ಕೇಳಿದ್ದೇನೆ, ಹೆಂಡತಿ ಮತ್ತು ಐದು ವರ್ಷದ ಮಗಳನ್ನು ಕರೆತರಬಹುದೇ, ಮಗಳ ಶಾಲೆಯ ಗತಿ ಏನು ಎಂದು ಬರೆದಿದ್ದೀರಿ. 'ಹೊರಗಿನವರೇ ಹೆಚ್ಚು' ಎಂಬ ಮಾತು ಓದಿ ನಗು ಬಂತು. 2014ರಲ್ಲಿ ನಾನೂ ಇದನ್ನೇ ಕೇಳಿದ್ದೆ, ವೀಸಾದ ಶಾಯಿ ಇನ್ನೂ ಆರಿರದ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡು.

ಭಯದ ವಿಷಯ ಬೇಗ ಮುಗಿಸುತ್ತೇನೆ: ಸೈಕಲ್ಲಿಗೆ ಎರಡು ಬೀಗ ಹಾಕಿ. ಹೊಸ ವರ್ಷದ ರಾತ್ರಿ ಪಟಾಕಿಗೆ ಹೆದರುವವರಾದರೆ ಮನೆಯೊಳಗಿರಿ. ಉಳಿದಂತೆ ಸೊನ್ನೆನಾಲೇ ಬೀದಿಯಲ್ಲಿ ಅರಬ್ಬಿ ಫಲಕಗಳ ಕೆಳಗೆ ನಡೆಯುವಾಗ ನಿಮಗೆ ಶಿವಾಜಿನಗರ ನೆನಪಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಮಂಗಳವಾರ, ಶುಕ್ರವಾರ ಮೈಬಾಖ್ ಊಫರ್ ಕಾಲುವೆ ದಂಡೆಯಲ್ಲಿ ಟರ್ಕಿಯವರ ಸಂತೆ. ಅಲ್ಲಿ ಕೊತ್ತಂಬರಿಯನ್ನು ಕಟ್ಟುಗಟ್ಟಲೆ ಕೊಳ್ಳಬಹುದು, ಸೂಪರ್‌ ಮಾರ್ಕೆಟ್ಟಿನ ಹಾಗೆ ನಾಲ್ಕು ಎಸಳನ್ನು ಕುಂಡದಲ್ಲಿಟ್ಟು ಮಾರುವುದಿಲ್ಲ.

ನನಗೆ ಹೆಚ್ಚು ಕಳವಳ ತಂದದ್ದು ಆ 1,900.

ನಾನು ಬಂದ ಮೊದಲ ಚಳಿಗಾಲದಲ್ಲಿ ನನ್ನ ಹೆಸರಿನ ಪಾರ್ಸೆಲ್ ಒಂದನ್ನು ಕೆಳಮಹಡಿಯ ಅಜ್ಜಿ ತೆಗೆದಿಟ್ಟುಕೊಂಡಿದ್ದರು. ಟರ್ಕಿಯೊಂದಿಗೆ 1961ರಲ್ಲಿ ಆದ ಕಾರ್ಮಿಕರ ಒಪ್ಪಂದದ ಬಾಲ ಹಿಡಿದು ಬಂದ ತಲೆಮಾರು ಅವರದು; ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪಾರ್ಸೆಲ್ ಕೊಟ್ಟು, ಚಹಾ ಕೊಟ್ಟು, ನಿಧಾನವಾಗಿ ಬಾಡಿಗೆ ಎಷ್ಟು ಎಂದರು. 780 ಎಂದೆ. ಅವರು ಚಮಚವನ್ನು ಲೋಟದಲ್ಲಿ ಆಡಿಸುತ್ತಲೇ ಇದ್ದರು, ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು. ತಮ್ಮದು 410, ಅಷ್ಟೇ ಅಗಲದ ಮನೆ ಎಂದರು. ಆಮೇಲೆ, ದೂರುವ ದನಿಯಲ್ಲೇನೂ ಅಲ್ಲ, ಹವಾಮಾನ ಹೇಳುವ ಹಾಗೆ: "ನಿಮ್ಮ ಮನೆಗೆ ನನ್ನ ಮಗನೂ ಅರ್ಜಿ ಹಾಕಿದ್ದ."

ಇದರ ಲೆಕ್ಕಾಚಾರ ನಿಮಗೆ ಗೊತ್ತಿರಬೇಕು. ಇಲ್ಲಿ ಹಳೆಯ ಕರಾರಿನ ಬಾಡಿಗೆಯನ್ನು ಮಾಲೀಕ ಮನಬಂದಂತೆ ಏರಿಸುವಂತಿಲ್ಲ. ಬರ್ಲಿನ್‌ನಲ್ಲಿ ಮೂರು ವರ್ಷಕ್ಕೆ ಶೇ. 15 ಮಿತಿ. ಮನೆ ಖಾಲಿಯಾಗಿ ಹೊಸಬರು ಬಂದಾಗ ಮಾತ್ರ ಬಾಡಿಗೆ ನೆಗೆಯುತ್ತದೆ. ಹಾಗಾಗಿ ಹಳಬರು ಅಲುಗಾಡುವಂತಿಲ್ಲ. ಮಕ್ಕಳು ಬೆಳೆದು ಮನೆ ಕಿರಿದಾದರೂ ಅಲ್ಲೇ, ಮೊಣಕಾಲು ಸೋತು ಮೆಟ್ಟಿಲು ಹತ್ತಲಾಗದಿದ್ದರೂ ಅಲ್ಲೇ. ನೀವು 1,900ಕ್ಕೆ ಸಹಿ ಹಾಕಿದ ದಿನ ಪಕ್ಕದ ಕಟ್ಟಡದ ಮಾಲೀಕನ ಕಿವಿ ನೆಟ್ಟಗಾಗುತ್ತದೆ. ಬೆಂಗಳೂರಿನಲ್ಲಿ 'ಸಾಫ್ಟ್‌ವೇರ್‌ನವರು ಬಂದು ಬಾಡಿಗೆ ಕೆಡಿಸಿದರು' ಎಂದು ನಮ್ಮ ಚಿಕ್ಕಪ್ಪ ಬೈಯುತ್ತಿದ್ದರಲ್ಲ, ಆ ಬೈಗುಳ ಇಲ್ಲಿ ಜರ್ಮನ್‌ನಲ್ಲಿ ನಮ್ಮ ತಲೆಗೇ ಬೀಳುತ್ತದೆ. ನ್ಯಾಯವಾಗಿ ಅರ್ಧದಷ್ಟಾದರೂ ಬೀಳಬೇಕಾದದ್ದೇ. ಗೂಗಲ್ ಕಂಪನಿ ಪಕ್ಕದ ಕ್ರೋಯ್ಟ್ಸ್‌ಬರ್ಗ್ ಬಡಾವಣೆಯಲ್ಲಿ ಸ್ಟಾರ್ಟ್‌ಅಪ್ ಕೇಂದ್ರ ತೆರೆಯಲು ಹೊರಟಾಗ ಸುತ್ತಲಿನವರು ಪ್ರತಿಭಟಿಸಿದರು. 2018ರಲ್ಲಿ ಕಂಪನಿ ಆ ಯೋಜನೆ ಕೈಬಿಟ್ಟು ಕಟ್ಟಡವನ್ನು ಸಮಾಜಸೇವಾ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು.

ಬಣ್ಣ ನೋಡಿ ಬೈಯುವವರು ಇಲ್ಲವೆಂದಲ್ಲ. ಆದರೆ ಈ ಸಿಟ್ಟಿಗೆ ಬಣ್ಣವೇ ಬೇಕೆಂದಿಲ್ಲ. ಗೋಡೆ ಬಿದ್ದ ಮೇಲೆ ಪೂರ್ವ ಬರ್ಲಿನ್‌ನ ಪ್ರೆನ್ಸ್‌ಲಾವರ್ ಬರ್ಗ್‌ಗೆ ದಕ್ಷಿಣ ಜರ್ಮನಿಯ ಶ್ವಾಬಿಯಾ ಸೀಮೆಯವರು ದುಡ್ಡು ಹಿಡಿದು ಬಂದರು, ಹಳಬರು ಕರಗಿದರು. 2012ರ ಕೊನೆಯಲ್ಲಿ ಅಲ್ಲಿನ ನಿವಾಸಿಯೇ ಆಗಿದ್ದ ಸಂಸತ್ತಿನ ಉಪಾಧ್ಯಕ್ಷ ವೋಲ್ಫ್‌ಗಾಂಗ್ ಟೀರ್ಸೆ, ಬೇಕರಿಯಲ್ಲಿ ಬನ್ನಿಗೆ ಬರ್ಲಿನ್‌ನವರ 'ಶ್ರಿಪ್ಪೆ' ಎನ್ನದೆ ಶ್ವಾಬಿಯಾದವರ 'ವೆಕ್ಕೆ' ಎನ್ನುತ್ತಾರೆ ಎಂದು ಪತ್ರಿಕೆಯಲ್ಲಿ ಗೊಣಗಿ ದೊಡ್ಡ ಗದ್ದಲವೆಬ್ಬಿಸಿದರು. ಮಲ್ಲೇಶ್ವರದಲ್ಲಿ ಗಿರಮಿಟ್ ಕೇಳಿದ ಹುಬ್ಬಳ್ಳಿಯವರ ಮೇಲೆ ಯಾರೋ ಸಿಡುಕಿದ ಹಾಗೆ.

ಎಲ್ಲರೂ ಕಲೆತು ಬಾಳುವ ಕನಸು ಈ ಊರಿಗೆ ಹೊಸದೂ ಅಲ್ಲ. 1862ರಲ್ಲಿ ಬರ್ಲಿನ್‌ನ ವಿಸ್ತರಣಾ ನಕ್ಷೆ ಹಾಕಿದ ಹೋಬ್ರೆಖ್ಟ್ ಎಂಬ ಎಂಜಿನಿಯರ್, ಸಿರಿವಂತರ ಮುಂಮನೆ, ಬಡವರ ಹಿಂಮನೆ ಒಂದೇ ಕಟ್ಟಡದಲ್ಲಿದ್ದರೆ ನೆಲಮಾಳಿಗೆಯ ಮಗುವೂ ಅಧಿಕಾರಿಯ ಮಗುವೂ ಒಂದೇ ಹಜಾರ ದಾಟಿ ಶಾಲೆಗೆ ಹೋಗುತ್ತವೆ ಎಂದು ಮೆಚ್ಚಿ ಬರೆದ. ಕೇಳಲು ನಮ್ಮ ವಠಾರದಂತೆ ಚೆಂದ. ಆದರೆ ಆ ಕಾಲದ ನಿಯಮದ ಪ್ರಕಾರ ನಡುವಿನ ಅಂಗಳ ಉದ್ದಕ್ಕೂ ಅಗಲಕ್ಕೂ ತಲಾ 5.34 ಮೀಟರ್ ಇದ್ದರೆ ಸಾಕಿತ್ತು, ಬೆಂಕಿ ಆರಿಸುವ ಬಂಡಿ ತಿರುಗಿಕೊಳ್ಳುವಷ್ಟು. ನಾನಿರುವುದು ಅಂಥ ಹಿಂಮನೆಯಲ್ಲಿ. ಬೇಸಿಗೆಯ ನಡುಮಧ್ಯಾಹ್ನ ಅಡುಗೆಮನೆಯ ಕಿಟಕಿಗೆ ಹದಿನೈದು ನಿಮಿಷ ಬಿಸಿಲು ಬರುತ್ತದೆ, ಹಪ್ಪಳ ಒಣಗಿಸುವ ಆಸೆ ಬಿಟ್ಟಿದ್ದೇನೆ.

ಮಗಳ ಶಾಲೆ ಎಂದಿರಲ್ಲ. ಪ್ರಾಥಮಿಕ ಶಾಲೆಯ ಸೀಟು ಇಲ್ಲಿ ವಿಳಾಸಕ್ಕೆ ಅಂಟಿಕೊಂಡಿದೆ. ಬೀದಿಯ ಫಲಾಫೆಲ್ ಹೊಗಳುವ ಜರ್ಮನ್ ದಂಪತಿಗಳೇ ಮಗುವಿಗೆ ಆರಾಗುವಷ್ಟರಲ್ಲಿ ಬೇರೆ ಬಡಾವಣೆಯ ಗೆಳೆಯರ ಮನೆಯಲ್ಲಿ ಹೆಸರು ನೋಂದಾಯಿಸಿಬಿಡುವುದನ್ನು ಕಂಡಿದ್ದೇನೆ. ನಮ್ಮ ಕನ್ನಡದವರೂ ಹಿಂದೆ ಬಿದ್ದಿಲ್ಲ. ಮನೆಯಲ್ಲಿ ಜರ್ಮನ್ ಆಡದ ಮಕ್ಕಳು ಶಾಲೆಯಲ್ಲಿ ಶೇಕಡ ಎಷ್ಟು ಎಂಬ ಅಂಕಿಯನ್ನು ನನ್ನ ಹೆಂಡತಿಯೂ ನಾನೂ ರಾತ್ರಿ ಕೂತು ಹುಡುಕಿದೆವು. ಆ ಶೇಕಡದಲ್ಲಿ ನಮ್ಮ ಮಗನೂ ಒಬ್ಬ ಎಂದು ಹೊಳೆದದ್ದು ಬೆಳಿಗ್ಗೆ. ಹತ್ತಿರದ ಶಾಲೆಗೇ ಹಾಕಿದೆವು. ಮೊದಲ ವರ್ಷ ಸುಲಭವಿರಲಿಲ್ಲ, ಶಿಕ್ಷಕಿಯರು ಮೂರು ಬಾರಿ ಬದಲಾದರು. ಸೇರಿಸುವ ಮೊದಲು ಶಾಲೆಯ ಒಳಹೊಕ್ಕು ನೋಡಿ. 2006ರಲ್ಲಿ ಇಲ್ಲಿನ ರ‍್ಯೂಟ್ಲಿ ಶಾಲೆಯ ಶಿಕ್ಷಕರು ಇನ್ನು ನಮ್ಮಿಂದಾಗದು ಎಂದು ಪತ್ರ ಬರೆದದ್ದು ದೇಶವಿಡೀ ಸುದ್ದಿಯಾಗಿತ್ತು. ಅದೇ ಜಾಗ ಇಂದು ಬೇರೆಯೇ ಆಗಿದೆ. ಹಳೆಯ ಹೆಸರು ನಂಬಿ ತೀರ್ಮಾನ ಬೇಡ.

ಇನ್ನು ಕರಾರು. ಬರ್ಲಿನ್‌ನಲ್ಲಿ 2015ರ ಜೂನ್‌ನಿಂದ ಹೊಸ ಬಾಡಿಗೆಗೆ ತಡೆಯಿದೆ: ಸುತ್ತಲಿನ ದರಕ್ಕಿಂತ ಶೇ. 10ರಷ್ಟು ಮಾತ್ರ ಹೆಚ್ಚಿರಬಹುದು. (ನಾನು ಅದಕ್ಕೂ ಒಂದು ವರ್ಷ ಮೊದಲು ಸಹಿ ಹಾಕಿ ಕೆಟ್ಟೆ.) 2014ರ ಅಕ್ಟೋಬರ್ ನಂತರ ಮೊದಲ ಬಾರಿ ಬಳಕೆಗೆ ಬಂದ ಮನೆಗಳಿಗೆ ಇದು ಅನ್ವಯಿಸದು. ತಾತ್ಕಾಲಿಕ ಬಳಕೆಗೆಂದು ಕೊಟ್ಟ ಮನೆಗಳಿಗೂ ಅನ್ವಯಿಸದು. ಮಾಲೀಕರು ಒಂದು ಸೋಫಾ, ಎರಡು ದೀಪ ಇಟ್ಟು ನುಸುಳುವುದು ಆ ಕಿಂಡಿಯಲ್ಲೇ. ಬಾಡಿಗೆ ಶುರುವಾದ 30 ತಿಂಗಳೊಳಗೆ, ಆ ಮನೆಯಲ್ಲಿರುವಾಗಲೇ ಲಿಖಿತ ಆಕ್ಷೇಪ ಎತ್ತಿದರೆ, ಹೆಚ್ಚಿಗೆ ಕೊಟ್ಟದ್ದನ್ನು ಮೊದಲ ತಿಂಗಳಿಂದಲೇ ಕೇಳಬಹುದು. ಬಂದ ಕೂಡಲೇ ಬಾಡಿಗೆದಾರರ ಸಂಘಕ್ಕೆ ಸೇರಿ, ವಕೀಲರ ಸಲಹೆ ಸಿಗುತ್ತದೆ. ನಮಗೇಕೆ ರಗಳೆ, ಸಂಬಳ ಬರುತ್ತದಲ್ಲ ಎನ್ನಬೇಡಿ. ನಮ್ಮವರ ಆ ಮಾತಿನಿಂದಲೇ 780 ಹೋಗಿ 1,900 ಆಗಿದೆ. ದೊಡ್ಡ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಒಡೆತನಕ್ಕೆ ತರಬೇಕೆಂದು 2021ರ ಜನಮತದಲ್ಲಿ ಶೇ. 59 ಜನ ಹೌದೆಂದರು. ಅದು ಸರ್ಕಾರವನ್ನು ಕಟ್ಟಿಹಾಕುವ ಮತವಾಗಿರಲಿಲ್ಲ, ಪೌರತ್ವವಿಲ್ಲದ ನನಗೆ ಆಗ ಮತವೂ ಇರಲಿಲ್ಲ. ಆಕ್ಷೇಪದ ಪತ್ರ ಬರೆಯಲು ಮಾತ್ರ ಪೌರತ್ವ ಬೇಡ.

ಸಹಿ ಹಾಕುವ ಮೊದಲು ಆ ಕರಾರಿನ ಪುಟಗಳನ್ನು ನನಗೆ ಕಳುಹಿಸಿ. 'ಫೋರ್‌ಯೂಬರ್‌ಗೇಹೆಂಡ್', ಅಂದರೆ ತಾತ್ಕಾಲಿಕ, ಎಂಬ ಪದ ಎಲ್ಲಾದರೂ ಇದೆಯೇ ನೋಡೋಣ. ಇದ್ದರೆ ಬಿಟ್ಟುಬಿಡಿ, ಮನೆ ಸಿಗುವವರೆಗೆ ನಮ್ಮ ಹಾಲ್‌ನಲ್ಲಿ ಮಲಗಬಹುದು, ಬಿಸಿಲಿಲ್ಲ ಅಷ್ಟೇ.